ಮುನ್ನೂರನೆಯ ಸಾಲು

ಮಾರ್ಚ್ 3, ಸೋಮವಾರ
ಜನಗಣತಿ. ಏಳು ಊರುಗಳಲ್ಲಿ ಐದು ಮುಗಿಯಿತು. ಹೊಳೆಯ ಈಚೆಗೇ ಜೀಪು ನಿಲ್ಲಿಸಿ ನಡೆದೆ. ನಮ್ಮ ಪಂಚಾಯಿತಿಗೆ ನಾನೂರು ಚದರ ಕಿಲೋಮೀಟರ್ ನೆಲ. ಒಂದು ಚದರ ಕಿಲೋಮೀಟರಿಗೆ ಮುಕ್ಕಾಲು ಮನುಷ್ಯ. ಅಧ್ಯಕ್ಷರಿಗೆ ಹೇಳಿದೆ.
“ಆ ಮುಕ್ಕಾಲು ನೀವೇ ಕಣ್ರೀ ಗುಮಾಸ್ತರೇ. ಬಾಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಇದೆ!”
ಮುನ್ನೂರಕ್ಕೆ ಒಬ್ಬರು ಕಡಿಮೆಯಾದರೂ ಆಸ್ಪತ್ರೆ ಮುಚ್ಚುತ್ತಾರೆ. ನರ್ಸಮ್ಮನಿಗೆ ವರ್ಗ. ಇನ್ನೊಂದು ಆಸ್ಪತ್ರೆ ತೊಂಬತ್ತು ಕಿಲೋಮೀಟರ್ ದೂರ.

ಮಾರ್ಚ್ 4
ಗುಡ್ಡದಾಚೆ ಒಂಟಿ ಮನೆ. ಅಜ್ಜಿ ಒಬ್ಬರೇ.
“ಇನ್ನೂ ಇದೀನಿ, ಬರ್ಕೊಳಪ್ಪ. ನಿನ್ ಹೆಂಡ್ತಿ ಬಂದ್ಲಾ?”
“ತಂಗಿ ಮನೇಲಿದಾಳೆ. ಬರ್ತಾಳೆ.”
“ಮಳೆಗಾಲದಲ್ಲೂ ಇದನ್ನೇ ಹೇಳಿದ್ದೆ.”
ಕಣ್ಣು ಮಂಜು, ನೆನಪು ಮಾತ್ರ ಚುರುಕು.

ಮಾರ್ಚ್ 6, ಸಂಜೆ
ಎಲ್ಲ ಸೇರಿ 298. ಎಣಿಸುವವನ ಮನೆ ಕೊನೆಗೆ — ಇಲ್ಲಿನ ಹಳೇ ರೂಢಿ. 299 ನಾನು. 300 ಅವಳು. ‘ತಾತ್ಕಾಲಿಕ ಗೈರು’ ಎಂದು ಬರೆದೆ. ಊರು ಬಿಟ್ಟು ಆರು ತಿಂಗಳಾದವರನ್ನು ಬರೆಯುವಂತಿಲ್ಲ. ಮನೆಮನೆಗೂ ಈ ನಿಯಮ ಓದಿ ಹೇಳಿದವನು ನಾನೇ. ಅವಳು ಹೋಗಿ ಒಂಬತ್ತಾಯಿತು.
“ಮುನ್ನೂರು! ಗೆದ್ವಿ ಬಿಡ್ರೀ!” ಅಧ್ಯಕ್ಷರು ಬೆನ್ನು ತಟ್ಟಿದರು. ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾರ್ಚ್ 8, ಮಧ್ಯಾಹ್ನ
ಫೋನ್ ಮಾಡಿದೆ. ಯಾವಾಗ ಬರುತ್ತೀಯ ಅಂತ ಕೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ.
“ಗಣತಿಗೆ ನಿನ್ನ ಹೆಸರು…”
“ಇಲ್ಲೇ ಬರೆಸಿದೀನ್ರೀ. ಮೊನ್ನೆ ಬಂದಿದ್ರು.”
“ತಾತ್ಕಾಲಿಕ ಅಂತ ತಾನೇ?”
“ಅಲ್ಲ. ಕಾಯಂ ಅಂತ.” ಆಮೇಲೆ, “ಊಟ ಆಯ್ತಾ?”
ಆಯ್ತು ಅಂದೆ. ಆಗಿರಲಿಲ್ಲ. ಹದಿನೆಂಟು ವರ್ಷ ಒಂದೇ ಸೂರಿನಡಿ ಇದ್ದು, ಇಷ್ಟು ಮಾತೂ ಒಟ್ಟಿಗೆ ಆಡಿದ್ದು ಅಪರೂಪ. ತಪ್ಪು ಯಾರದೆಂದು ಗೊತ್ತು.

ಮಾರ್ಚ್ 9, ಭಾನುವಾರ
ಅಧ್ಯಕ್ಷರಿಗೆ ಹೇಳಿದೆ.
“ಎರಡು ಕಡೆ ಇದ್ರೆ ಯಾರ್ರೀ ನೋಡ್ತಾರೆ? ಇರ್ಲಿ ಬಿಡಿ.”
ಇರಲಿ ಎಂದುಕೊಂಡೇ ಮನೆಗೆ ಬಂದೆ. ಎರಡು ತಟ್ಟೆ ತೊಳೆದಿಟ್ಟೆ. ಉಂಡಿದ್ದು ಒಂದರಲ್ಲಿ. ಒಂಬತ್ತು ತಿಂಗಳಿಂದ ಹೀಗೇ. ಆ ಸಾಲು ಇರುವವರೆಗೂ ಹೀಗೇ.
ಅವಳು ಕಾಯಂ ಅಂದಿದ್ದಾಳೆ. ಆ ಮಾತು ನನ್ನ ಕೈಯಲ್ಲಿ ಸುಳ್ಳಾಗಬಾರದು.
ನಾಳೆ ಹತ್ತಕ್ಕೆ ಟಪಾಲು. ಅದಕ್ಕೆ ಮೊದಲು ಅವಳ ಸಾಲು ಹೊಡೆದುಹಾಕುತ್ತೇನೆ. 299. ಆಸ್ಪತ್ರೆ ಉಳಿಸಿ ಎಂದು ಬೇರೆ ಮನವಿ. ಅದಕ್ಕೂ ಮೊದಲು ನರ್ಸಮ್ಮನ ಮನೆಗೆ ಹೋಗಿ, ನಾನೇ ಬಾಯಿಬಿಟ್ಟು ಹೇಳಬೇಕು.