ಹೋಟೆಲಿನ ಮುಂದೆ ಹನ್ನೊಂದು ದಿನ

ಗೊಳಸಂಗಿ
೧೭-೨-೧೯೭೪

ಶ್ರೀ ಪರಮಾನಂದ ಅವರಿಗೆ, ನಿಮ್ಮ ಹೆಂಡತಿ ಸಾವಂತ್ರವ್ವ ಮಾಡುವ ಜೈಭೀಮ.

ಗಂಡನ ಹೆಸರು ಬರೆದಳೆಂದು ಹುಬ್ಬು ಗಂಟಿಕ್ಕಬೇಡಿ. ಕರಪತ್ರದ ಕೆಳಗೆ ನೀವೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ ಹೆಸರದು. ಈಗ ಕೇರಿಗೆಲ್ಲ ಬಾಯಿಪಾಠ.

ನಿಮ್ಮ ಕಾಗದ ಮುಟ್ಟಿತು. ನಿಮ್ಮ ಲೇಖನಿ ಗೊಳಸಂಗಿಯನ್ನು ಗೆದ್ದಿತಂತೆ. ಸತ್ಕಾರಕ್ಕೆ ಯಾವಾಗ ಬರಲಿ ಎಂದು ಕೇಳಿದ್ದೀರಿ. ಗೆದ್ದದ್ದು ಹೇಗೆಂದು ಇಂಡಿಯಲ್ಲಿ ಕುಳಿತ ನಿಮಗೇನು ಗೊತ್ತು? ಹೇಳುತ್ತೇನೆ, ಕೇಳಿ.

ಹೋಟೆಲಿನ ಹೊರಗಿನ ಗೂಟಕ್ಕೆ ನಮ್ಮ ಕೇರಿಯವರ ಚಹಾದ ಕಪ್ಪು ಬೇರೆಯೇ ತೂಗುತ್ತಿದ್ದುದನ್ನು ನೀವೂ ಬಲ್ಲಿರಿ. ಸಂಕ್ರಾಂತಿಯ ಮರುದಿನ ಗುಂಡವ್ವನ ಮಗ ಸಿದ್ರಾಮ ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತ. ಹೋಟೆಲಿನ ಧೂಳಪ್ಪ ಒಲೆಯ ಕಟ್ಟಿಗೆಯಿಂದ ಹೊಡೆದು ಅವನ ಬಲಗೈ ಮುರಿದ. ಸಂಜೆ ಕೇರಿಯ ಗಂಡಸರು ಚಿಮಣಿ ಎಣ್ಣೆಯ ಡಬ್ಬಿ ತಂದು ನನ್ನ ತವರಿನ ಅಂಗಳದಲ್ಲಿಟ್ಟರು.

“ಹೋಟೆಲ ಸುಡೂದ ಖರೆ” ಎಂದ ಸಿದ್ರಾಮ.

ಹಂಚೆಂದು ನೀವು ಕಳಿಸಿದ್ದ ಕರಪತ್ರದ ಕಟ್ಟನ್ನು ನಾನು ಬಿಚ್ಚಿಯೂ ಇರಲಿಲ್ಲ. ಅಂದು ಬಿಚ್ಚಿ ಓದಿದೆ: “ನೀನೊಂದು ಕಲ್ಲೆತ್ತಿದರೆ ಅವನ ನೂರು ತಪ್ಪು ಮುಚ್ಚಿಹೋಗುತ್ತವೆ. ಬರಿಗೈಯಲ್ಲಿ ಅವನೆದುರು ಕೂಡು. ಜನಕ್ಕೆ ನೋಡಲು ಅವನ ತಪ್ಪೊಂದೇ ಉಳಿಯಲಿ.”

“ಇನ್ನೊಮ್ಮೆ ಓದವ್ವಾ” ಎಂದಳು ಗುಂಡವ್ವ. ಮೂರು ಸಲ ಓದಿಸಿದಳು. ಆಮೇಲೆ ತಾನೇ ಎದ್ದು ಡಬ್ಬಿಯನ್ನು ಒಳಗೆ ಒಯ್ದಿಟ್ಟಳು. “ಊರ ಮಂದಿ ನನ್ನ ಮಗನ ಮುರದ ಕೈ ನೋಡ್ಲಿ. ಬೂದಿ ನೋಡೂದು ಬ್ಯಾಡ.”

ಮರುದಿನದಿಂದ ಹೋಟೆಲಿನ ಮುಂದೆ ಕುಳಿತೆವು. ಧೂಳಪ್ಪ ಮುಸುರೆ ನೀರು ಎರಚಿದ, ಒಬ್ಬರೂ ಕೈಯೆತ್ತಲಿಲ್ಲ. ಆರನೆಯ ದಿನ ಹಮಾಲರ ಮುಖಂಡ ಮೈಬೂಬ ಒಳಗೆ ಚಹಾ ಕುಡಿಯುತ್ತಿದ್ದವನು ಸಿದ್ರಾಮನ ಕೈಗೆ ಕಟ್ಟಿದ್ದ ಬಿದಿರ ದಬ್ಬೆಗಳನ್ನೇ ನೋಡಿದ. “ಈ ಚಹಾ ಗಂಟಲದಾಗ ಇಳೀವಲ್ದು” ಎಂದು ಕಪ್ಪು ಇಟ್ಟು ಹೊರಬಂದು ನಮ್ಮ ಪಕ್ಕದಲ್ಲಿ ಕುಳಿತ. ಹಮಾಲರೆಲ್ಲ ಹಿಂದೆಯೇ ಬಂದರು. ಹೋಟೆಲು ಭಣಭಣ. ಹನ್ನೊಂದನೆಯ ದಿನ ಧೂಳಪ್ಪ ತಾನೇ ಗೂಟ ಕಿತ್ತ. ಸಿದ್ರಾಮ ಒಳಗೆ ಕುಳಿತು ಎಡಗೈಯಲ್ಲಿ ಚಹಾ ಕುಡಿದ.

ನೀವೆಲ್ಲಿದ್ದಿರಿ? ಎರಡನೆಯ ದಿನವೇ ಹೇಳಿ ಕಳಿಸಿದ್ದೆವು. ಗಂಟಲು ನೋವೆಂದು ಬರೆದು, ಜೊತೆಗೆ ಇನ್ನೂ ನೂರು ಕರಪತ್ರ ಕಳಿಸಿದಿರಿ. ಕೂಡಲು ಗಂಟಲು ಬೇಕೆಂದು ನನಗೆ ತಿಳಿದಿರಲಿಲ್ಲ.

ಬರಹ ಒಳ್ಳೆಯದು, ಒಪ್ಪಿದೆ. ಬರೆದವನ ಬಗ್ಗೆ ಆ ಮಾತು ಹೇಳಲಾರೆ. ಅಚ್ಚಿಗೆ ಹೋಗುವ ಮುಂಚೆ ಅದನ್ನು ಪ್ರತಿ ಮಾಡಿದವಳು ನಾನು. ಒಂದು ಸಾಲು ಬಿಟ್ಟೆನೆಂದು ನೀವು ಹೊಡೆದ ಏಟಿಗೆ ನನ್ನ ಎಡಗಿವಿ ಇಂದಿಗೂ ಕೇಳುವುದಿಲ್ಲ. ಆ ಕಟ್ಟನ್ನು ಬಿಚ್ಚಲು ಮನಸ್ಸಾಗದ್ದು ಅದಕ್ಕೇ. ಬರಿಗೈಯ ಮಹಿಮೆಯನ್ನು ನಿಮ್ಮಷ್ಟು ಬಲ್ಲವರು ಯಾರಿದ್ದಾರೆ!

ಸತ್ಕಾರಕ್ಕೆ ಬರುವುದಾದರೆ ಬನ್ನಿ. ಶಾಲು ಹೊದಿಸುವವರಿದ್ದಾರೆ. ನಾನು ಎದ್ದು ನಿಲ್ಲುವುದಿಲ್ಲ. ನಿಮ್ಮ ಜೊತೆ ಮನೆಗೂ ಬರುವುದಿಲ್ಲ.

ಇಂತಿ,
ಸಾವಂತ್ರವ್ವ

ತಾ.ಕ.: ಏಳನೆಯ ದಿನ ಸಿದ್ರಾಮ ನನ್ನನ್ನು ಕೇಳಿದ: “ಅಕ್ಕಾ, ಇಷ್ಟು ಶಾಂತ ಬರಿಯಾವ್ರು ಮನ್ಯಾಗ ಹೆಂಗಿರ್ತಾರ್ರಿ?” ಅವನ ಮನಸ್ಸು ಇನ್ನೂ ಎಣ್ಣೆಯ ಡಬ್ಬಿಯ ಮೇಲೆಯೇ ಇತ್ತು. “ಹಂಗs ಇರ್ತಾರಪ್ಪಾ” ಎಂದೆ. ಆ ಹನ್ನೊಂದು ದಿನಗಳಲ್ಲಿ ನಾನು ಆಡಿದ ಸುಳ್ಳು ಅದೊಂದೇ.