ತುಟಿಗೆ ಒತ್ತಿದ ಒದ್ದೆ ಹತ್ತಿ

ಬಸವನಗುಡಿ
೧೮ ನವೆಂಬರ್ ೨೦೨೪, ಸೋಮವಾರ

ಚಿರಂಜೀವಿ ಸಂಕರ್ಷಣನಿಗೆ ನಿನ್ನ ಅತ್ತಿಗೆಯ ಆಶೀರ್ವಾದ.

ನಿನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಸಿಟ್ಟು ಬಂದರೆ ಊಟ ಬಿಡುವುದು ನಿನ್ನ ಚಿಕ್ಕಂದಿನ ಚಾಳಿ. ಅರವತ್ತು ದಾಟಿದ ಮೇಲೆ ಅದು ನಡೆಯುವುದಿಲ್ಲ, ಮಾತ್ರೆ ನುಂಗಿದ ಮೇಲೆ ಎರಡು ತುತ್ತು ತಿನ್ನು. ಮಲ್ಲೇಶ್ವರದಲ್ಲಿರುವವನಿಗೆ ಕಾಗದ ಬರೆಯುವುದೇನು ಎಂದು ನಗಬೇಡ. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಮತ್ತೆ ಮತ್ತೆ ಕಟ್ ಮಾಡಿಸಿಕೊಳ್ಳುವವಳು ನಾನಲ್ಲ. ಪಕ್ಕದ ಮನೆಯ ಬದರೀನಾರಾಯಣ ಇವತ್ತು ಆ ಕಡೆ ಬರುತ್ತಾರಂತೆ, ಅವರ ಕೈಲಿ ಕಳಿಸುತ್ತಿದ್ದೇನೆ.

ಹೋದ ಗುರುವಾರ ನೀನು ಬಂದಾಗ ಕೊನೆಗಾಲದ ಆರೈಕೆ ಮಾಡುವ ಹಾಸ್ಪೈಸಿನ ನರ್ಸ್ ಧನಲಕ್ಷ್ಮಿ ನಿಮ್ಮಣ್ಣನ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದಳು. ನಡುಮನೆಯ ಹೊಸ್ತಿಲಲ್ಲೇ ನೀನು ನಿಂತುಬಿಟ್ಟೆ. "ಅಣ್ಣ ಇನ್ನೂ ಉಸಿರಾಡ್ತಿದಾನೆ, ಆಗ್ಲೇ ಬಾಯಿಗೆ ಗಂಗೆ ಬಿಡಿಸ್ತಿದೀರಾ? ಅದೂ ಹೊರಗಿನೋರ ಕೈಲಿ?" ಎಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಸದ್ದಾಯಿತು. ಸಂಕರ್ಷಣ, ಅದು ನಲ್ಲಿಯ ನೀರು, ಕಾಯಿಸಿ ಆರಿಸಿದ್ದು. ನಿಮ್ಮಮ್ಮ ಕಾಶಿಯಿಂದ ತಂದ ಗಂಗೆಯ ಗಿಂಡಿ ದೇವರ ಮನೆಯಲ್ಲಿ ಬೆಸುಗೆ ಬಿಚ್ಚದೆ ಹಾಗೇ ಇದೆ. ಬಾಯಿ ಒಣಗಿ ನಾಲಿಗೆ ಬಿರಿಯುತ್ತದೆ, ಅದಕ್ಕೇ ಹತ್ತಿ. ಲೋಟದಲ್ಲಿ ಕೊಟ್ಟರೆ ಶ್ವಾಸಕ್ಕೆ ಹೋಗುತ್ತದೆ. ಮೊದಲನೆಯ ದಿನ ನನ್ನ ಎದೆಯೂ ನಿನ್ನ ಎದೆಯ ಹಾಗೆಯೇ ಧಸಕ್ಕೆಂದಿತ್ತು. ನಮ್ಮ ಮನೆಗಳಲ್ಲಿ ಮಲಗಿದವರ ತುಟಿಗೆ ಹನಿ ನೀರು ಬಿಡುವುದನ್ನು ನಾವು ಒಂದೇ ಕಾರಣಕ್ಕೆ ನೋಡಿದ್ದೇವೆ. ಈಗ ಹತ್ತಿ ಹಿಡಿಯುವುದು ನಾನೇ.

ಅವರನ್ನು ಸಾಯಲು ಬಿಟ್ಟಿದ್ದೇನೆ ಎಂದು ನೀನು ಮಲ್ಲೇಶ್ವರದಲ್ಲಿ ಹೇಳಿಕೊಂಡು ತಿರುಗುವುದು ನನ್ನ ಕಿವಿಗೂ ಬಿತ್ತು. ಕೇಳು. ಕಾಯಿಲೆ ಲಿವರಿಗೆ ಹರಡಿದ ಮೇಲೆ ದೊಡ್ಡ ಆಸ್ಪತ್ರೆಯವರೇ ಇನ್ನು ಮಾಡುವುದೇನೂ ಇಲ್ಲ ಎಂದರು. ಹಾಸ್ಪೈಸಿನ ಡಾಕ್ಟರ್ ಅಭಿನಂದನ್ ಮನೆಗೆ ಬಂದಾಗ ಐಸಿಯು ಸೇರಿಸಿದರೆ ಉಳಿಯುತ್ತಾರೆಯೇ ಎಂದು ನೇರವಾಗಿ ಕೇಳಿದೆ. ಇಲ್ಲಮ್ಮ, ಕೊಳವೆ ಹಾಕಿ ಕೆಲವು ದಿನ ಎಳೆಯಬಹುದು, ನೀವು ಗಾಜಿನ ಆಚೆ ನಿಲ್ಲಬೇಕು ಎಂದರು. ನೋವಿಲ್ಲದ ಹಾಗೆ ನೋಡಿಕೊಳ್ಳಬಹುದು, ಅಷ್ಟೇ ಎಂದರು. ಮಾರ್ಫಿನ್ ಕೊಟ್ಟು ಮಲಗಿಸಿದ್ದಾರೆ ಎನ್ನುತ್ತೀಯ. ಅದು ಇಲ್ಲದಾಗ ಅವರು ಹೇಗೆ ಕೂಗಿಕೊಂಡರು ಎಂಬುದನ್ನು ನೀನು ಕೇಳಿಲ್ಲ. ಜೀವಮಾನದಲ್ಲಿ ಒಂದು ಸಲ ದನಿ ಏರಿಸದ ಮನುಷ್ಯ.

ನಾನು ಹಟ ಮಾಡಿ ಗಂಜಿ ಕುಡಿಸಲು ಹೋಗಿ ಅವರು ಕೆಮ್ಮಿ ನೀಲಿಯಾದರು. ಊಟ ಬಿಟ್ಟಿದ್ದಕ್ಕೆ ಅವರು ಹೋಗುತ್ತಿಲ್ಲಮ್ಮ, ಹೋಗುತ್ತಿರುವುದಕ್ಕೇ ದೇಹ ಊಟ ಬಿಟ್ಟಿದೆ ಎಂದರು ಡಾಕ್ಟರು. ಐವತ್ತು ವರ್ಷಕ್ಕೂ ಮೇಲೆ ಬಡಿಸಿದ ಕೈಗೆ ಹೇಳುವ ಮಾತೇ ಅದು? ಒಗ್ಗರಣೆಯ ವಾಸನೆಗೆ ಅವರಿಗೆ ವಾಂತಿ ಬರುತ್ತದೆಂದು ಸಾಸಿವೆ ಡಬ್ಬಿ ಮುಟ್ಟಿಲ್ಲ. ಮೊಸರನ್ನ ಕಲಸಿಕೊಂಡು ಹಿತ್ತಲಿನಲ್ಲಿ ನಿಂತು ತಿನ್ನುತ್ತೇನೆ. ಮನೆಯಲ್ಲಿ ಅಡುಗೆಯ ವಾಸನೆಯಿಲ್ಲ, ಮಾತಿಲ್ಲ. ಧೈರ್ಯವಾಗಿರಿ ಎನ್ನುವವರಿಗೆಲ್ಲ ತಲೆಯಾಡಿಸುತ್ತೇನೆ. ಯಾವುದಕ್ಕೆ ಧೈರ್ಯ ಎಂದು ಅವರೂ ಹೇಳುವುದಿಲ್ಲ, ನನಗೂ ತಿಳಿದಿಲ್ಲ. ದೇವರಲ್ಲಿ ಏನು ಬೇಡಿಕೊಳ್ಳಬೇಕೆಂಬುದೇ ಗೊತ್ತಾಗದೆ ದೀಪ ಹಚ್ಚಿ ಸುಮ್ಮನೆ ಎದ್ದು ಬರುತ್ತೇನೆ.

ನಾನು ಈ ಮನೆಗೆ ಬಂದಾಗ ನೀನು ಮೂರನೇ ಕ್ಲಾಸು. ಮಕ್ಕಳಿಲ್ಲದ ನಮಗೆ ಮಗನೂ ನೀನೇ. ಅದಕ್ಕೇ ನಿನ್ನ ಮಾತು ಚುಚ್ಚಿತು, ಬೇರೆಯವರದಾದರೆ ಒರೆಸಿಹಾಕುತ್ತಿದ್ದೆ. ತಪ್ಪಾಯಿತು ಎನ್ನಬೇಕೆಂದು ನಾನು ಕೇಳುತ್ತಿಲ್ಲ. ನಿನ್ನ ಹೆಂಡತಿಗೆ ನನ್ನ ಆಶೀರ್ವಾದ ತಿಳಿಸು. ಇಬ್ಬರೂ ಚೆನ್ನಾಗಿರಿ.

ಇಂತು ನಿನ್ನ ಅತ್ತಿಗೆ
ಸುಂದರಮ್ಮ

ತಾ. ಕ.: ಲಕೋಟೆ ಅಂಟಿಸುವ ಹೊತ್ತಿಗೆ ಡಾಕ್ಟರ್ ಬಂದು ಹೋದರು. ಇನ್ನು ಹೆಚ್ಚು ದಿನವಿಲ್ಲವಂತೆ. ಕಣ್ಣು ಬಿಡದಿದ್ದರೂ ಕಿವಿ ಕೊನೆಯವರೆಗೂ ಕೇಳಬಹುದಂತೆ. ಹಾಗಾದರೆ ಗುರುವಾರ ನೀನು ಅಂದದ್ದೂ ಕೇಳಿರುತ್ತದೆ. ನಿನ್ನ ದನಿಯಲ್ಲಿ ಅವರಿಗೆ ಸಿಕ್ಕ ಕಡೆಯ ಮಾತು ಅದಾಗಬಾರದು. ನಿನಗೆ ಟೈಫಾಯ್ಡ್ ಬಂದಿದ್ದಾಗ ಅವರು ಆಫೀಸಿನಿಂದ ಬಂದವರೇ ಷರ್ಟು ಕೂಡ ಬಿಚ್ಚದೆ ನಿನ್ನ ತಲೆದಿಂಬಿನ ಬಳಿ ಕೂತು ಕ್ರಿಕೆಟ್ ಸ್ಕೋರು ಹೇಳುತ್ತಿದ್ದರು. ಕಣ್ಣು ಮುಚ್ಚಿ ಮಲಗಿದ್ದವನು ಮರುದಿನ ಯಾರು ಔಟಾದರೆಂದು ನೀನೇ ನನಗೆ ಹೇಳಿದ್ದೆ. ಬಂದುಬಿಡು. ಹೊಸ್ತಿಲು ದಾಟಲು ಆಗದಿದ್ದರೆ ಫೋನ್ ಮಾಡು, ನಾನು ಮಾತಾಡುವುದಿಲ್ಲ, ಅವರ ಕಿವಿಯ ಹತ್ತಿರ ಹಿಡಿಯುತ್ತೇನೆ. ಏನು ಹೇಳಬೇಕೆಂದು ತೋಚದಿದ್ದರೆ ಸ್ಕೋರು ಹೇಳು. ಉತ್ತರ ಬರುವುದಿಲ್ಲ. ಆದರೂ ಫೋನ್ ಇಡಬೇಡ.