ನಲವತ್ತನೆಯ ಆಕ್ಷೇಪಣೆ

ಮಾರ್ಚ್ 3
ಗ್ರಂಥಾಲಯದ ಕೆಲಸ ಮುಗಿಸಿ ಎಂದಿನಂತೆ ನಗರಸಭೆಗೆ. ಅಗ್ಗದ ಮನೆಗಳ ಪಟ್ಟಿಯಲ್ಲಿ ನಮ್ಮ ಸಂಖ್ಯೆ ಮೂವತ್ತೆಂಟು, ಅಲ್ಲೇ ಇದೆ. ಕಟ್ಟುವುದು ಅರವತ್ತು ಮನೆ. ಬಚಾವು — ಎನ್ನುವಷ್ಟರಲ್ಲಿ ಬಾಗಿಲ ಹಿಂದೆ ಅಂಟಿಸಿದ್ದ ಪ್ರಕಟಣೆ ಕಂಡಿತು. ಮನೆ ಕಟ್ಟಬೇಕಿದ್ದ ಜಾಗ ಇನ್ನು ಪಾರ್ಕಿಂಗ್‌ಗಂತೆ! ಆಕ್ಷೇಪಣೆಗೆ ಹದಿನೆಂಟರ ತನಕ ಗಡುವು. ಕಾರುಗಳ ಮೇಲೆ ಎಂಥ ಕಾರುಣ್ಯ! ನಾವು ನಾಲ್ವರು ಹನ್ನೊಂದು ವರ್ಷದಿಂದ ಒಂದೇ ಬಾಡಿಗೆ ಕೋಣೆಯಲ್ಲಿ ಮಡಚಿಕೊಂಡು ಮಲಗುತ್ತಿದ್ದೇವೆ. ಬಿಡುವವಳಲ್ಲ ನಾನು.

ಮಾರ್ಚ್ 6
ಒಂದೂವರೆ ಪುಟದ ಮನವಿ ಸಿದ್ಧ. "ಸೂರಿಲ್ಲದವರ ನಿಟ್ಟುಸಿರು" ಎಂಬಲ್ಲಿ ನನಗೇ ಕಣ್ಣು ತುಂಬಿತು. ಅತ್ತೆಗೆ ಓದಿ ಹೇಳಿದೆ.
"ಚೆನ್ನಾಗಿದೆ ಕಣಮ್ಮ. ಯಾರು ಹೋಗಿಬಿಟ್ರು?"
ಇರಲಿ. ನಮ್ಮದೂ ಸೇರಿ ಪಟ್ಟಿಯ ನಲವತ್ತೊಂದು ಮನೆಯವರು ಗೊತ್ತು. ಜೆರಾಕ್ಸ್ ಮಾಡಿಸಿ ಸಹಿ ಹಾಕಿಸುವುದು.

ಮಾರ್ಚ್ 14
ಎಂಟು ದಿನ ಬರೀ ಮನೆಮನೆಯ ಮೆಟ್ಟಿಲು. ನಲವತ್ತೊಂದು ಮನೆಯ ಸಹಿಗಳೂ ಸಿಕ್ಕವು. ಒಯ್ದು ಕೊಟ್ಟರೆ ಗುಮಾಸ್ತರು ಕಟ್ಟನ್ನೇ ಹಿಂದಕ್ಕೆ ತಳ್ಳಿದರು.
"ಮೇಡಂ, ಒಕ್ಕಣೆ ಒಂದೇ ಆದ್ರೆ ಲೆಕ್ಕಕ್ಕೂ ಒಂದೇ. ನಲವತ್ತು ಬೇರೆ ಬೇರೆ ಬಂದ್ರೆ ಬಹಿರಂಗ ವಿಚಾರಣೆ. ಇಲ್ಲಾಂದ್ರೆ ಪಾರ್ಕಿಂಗ್ ಖಾಯಂ."
"ಎಲ್ಲಿ ಬರೆದಿದೆ?"
"ಪ್ರಕಟಣೆ ಕೊನೇಲಿ."
ದಿನವಿಡೀ ಪುಸ್ತಕಗಳ ನಡುವೆ ಕೂರುವವಳು... ಕೊನೆಯ ಸಾಲು ಓದಿರಲಿಲ್ಲ.

ಮಾರ್ಚ್ 15
ಮತ್ತೆ ಮೆಟ್ಟಿಲು. "ನಿಮ್ಮ ಮಾತಲ್ಲೇ ಬರೀರಿ" ಎಂದು ಎಲ್ಲರಿಗೂ ಹೇಳಿದೆ. ದರ್ಜಿಯಣ್ಣ ಗದರಿದರು.
"ಮೊದ್ಲೇ ಹೇಳೋದಲ್ವೇನಮ್ಮ? ನಿನ್ನ ಪುರಾಣ ಓದೋಕೇ ಅರ್ಧ ದಿನ ಹೋಯ್ತು!"
ಅವರು ಬರೆದದ್ದು ಎರಡು ಸಾಲು: 'ಮಗಳು ಓದೋಕೆ ಕೂತರೆ ನಾನು ಮಿಷನ್ ನಿಲ್ಲಿಸಬೇಕು. ನಾನು ಹೊಲಿಯೋಕೆ ಕೂತರೆ ಅವಳು ಪುಸ್ತಕ ಮುಚ್ಚಬೇಕು.'
ತಿದ್ದಲು ಕೈ ತುರಿಸಿತು. ತಿದ್ದಲಿಲ್ಲ.

ಮಾರ್ಚ್ 18, ಸಂಜೆ 4.40
ಕೌಂಟರಿನೆದುರು ಬೆಂಚು. ಐದಕ್ಕೆ ಮುಚ್ಚುತ್ತಾರೆ. ಮೂವತ್ತೊಂಬತ್ತಕ್ಕೆ ಮುದ್ರೆ ಬಿತ್ತು. ಒಂದು ಮನೆಯವರು ಊರಲ್ಲಿಲ್ಲ. ಉಳಿದದ್ದು ನನ್ನದೊಂದೇ. ಹಳೆಯ ಮನವಿಯನ್ನೇ ಕೊಡೋಣವೆಂದು ತೆಗೆದು ಓದಿದೆ — ಅದರಲ್ಲಿ ನಿಟ್ಟುಸಿರಿದೆ, ನಾವಿಲ್ಲ. ಬ್ಯಾಗಿಗೆ ತುರುಕಿದೆ. ಬೇರೆ ಹಾಳೆಯಲ್ಲಿ ಬರೆದಾಯಿತು. ನಕಲು ಇಲ್ಲಿರಲಿ:
'ಅತ್ತೆ ಬಟ್ಟೆ ಬದಲಿಸುವಾಗ ನಾವು ಮೂವರೂ ಹೊರಗೆ ಮೆಟ್ಟಿಲ ಮೇಲೆ ನಿಲ್ಲುತ್ತೇವೆ. ತಡವಾಯಿತೇನೋ ಎಂದು ಅವರು ಒಳಗಿನಿಂದಲೇ ಕ್ಷಮೆ ಕೇಳುತ್ತಾರೆ. ಅವರಿಗೆ ಚಿಲಕವಿರುವ ಒಂದು ಕೋಣೆ—'
"ನಲವತ್ತನೇದು ಯಾರ್ದು? ಬೇಗ ಬನ್ನಿ!"
ನನ್ನದು. ಹೊರಟೆ. ಉಳಿದದ್ದು ಆಮೇ